ಬಚ್ಚಿಟ್ಟ ಕಬ್ಬಿಣ

"ನಮ್ಮವ್ವನ ಮೈಯಾಗ ರಕ್ತ ಏಳಕ್ಕ ಇಳದೈತಿ. ಕಬ್ಬಿಣದ ಗುಳಿಗಿ ಯಾಕ ನಿಲ್ಲಿಸೀರಿ?"

ದ್ರಾಕ್ಷಾಯಿಣಿಯ ದನಿಗೆ ಹಾವೇರಿಯ ಆ ಆಸ್ಪತ್ರೆಯ ವಾರ್ಡೆಲ್ಲ ತಿರುಗಿ ನೋಡಿತು. ಡಾಕ್ಟರ್ ತಲೆ ಎತ್ತಿದ.

ಹುಲಿಗೇಶ!

ಎರಡು ವರ್ಷದ ಹಿಂದೆ ಬ್ಯಾಡಗಿಯ ಮನೆಗೆ ಅವಳನ್ನು ನೋಡಲು ಬಂದಿದ್ದವನು. ಆಗಿನ್ನೂ ಮುಗಿಯದ ಅವಳ ಪಿಎಚ್‌ಡಿ ಬಗ್ಗೆಯೇ ಅರ್ಧ ಗಂಟೆ ಕೇಳಿದ್ದವನು. ವಾರದ ನಂತರ ಅವನ ಸೋದರಮಾವ ಅಂದಾನೆಪ್ಪ ಫೋನ್ ಮಾಡಿ, "ಹುಡುಗಗ ಒಪ್ಪಿಗಿಲ್ಲ" ಎಂದಿದ್ದ.

"ಟೈಫಾಯ್ಡ್ ಐತಿ. ಜ್ವರ ಇಳೀಲಿ, ಆಮ್ಯಾಲ ಕೊಡೂಣು," ಎಂದ ಹುಲಿಗೇಶ.

"ಒಲ್ಲೆ ಅನ್ನೂದು ನಿಮಗ ಭಾಳ ಸಲೀಸು, ಅಲ್ಲರೀ?"

ಅವನ ಮುಖ ಬಿಗಿಯಿತು. ಮುಂದಿನ ಮಂಚಕ್ಕೆ ನಡೆದ.

'ಇವನ ಮಾತು ನಾನೇಕೆ ಕೇಳಲಿ? ರಾಣೆಬೆನ್ನೂರಿನ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು ನಾನು!' ಅಂದಿನಿಂದ ದಿನಕ್ಕೆರಡು ಗುಳಿಗೆ, ಗುಟ್ಟಾಗಿ, ಅವ್ವನ ಬಾಯಿಗೆ.

ಮೂರನೆಯ ದಿನ ಬೆಳಿಗ್ಗೆ ಹುಲಿಗೇಶ ಓಡಿಬಂದ.

"ಸಂಡಾಸ ಕರ್ರಗ ಆಗೈತಿ. ಕಬ್ಬಿಣದ ಗುಳಿಗಿಗೂ ಹಂಗ ಆಗತೈತಿ, ಆದ್ರ ಅದನ್ನ ನಿಲ್ಲಿಸೇವಿ, ಅಂದಮ್ಯಾಲ ಇದು ರಕ್ತ. ಕರುಳು ಸೋರಾಕತ್ತಿರಬೇಕು. ಲಗೂ ಹುಬ್ಬಳ್ಳಿಗೆ ಒಯ್ಯಬೇಕು, ಆಪರೇಶನ್ನೂ ಬೇಕಾದೀತು!"

ದ್ರಾಕ್ಷಾಯಿಣಿ ಚೀಲದೊಳಗಿನ ಗುಳಿಗೆ ಪಟ್ಟಿಯನ್ನು ಮುಟ್ಟಿದಳು. ಹೇಳಿದರೆ ಇವನೆದುರು ತಲೆ ತಗ್ಗಿಸಬೇಕು. ಹೇಳದಿದ್ದರೆ... ಅವ್ವ!

"ರಕ್ತ ಅಲ್ರಿ... ಗುಳಿಗಿ. ನಾನಽ ಕೊಟ್ಟೇನಿ."

ಅವಳು ಚಾಚಿದ ಪಟ್ಟಿಯನ್ನು ಅವನು ಕಸಿದುಕೊಂಡ. ಐದು ಗುಳಿಗೆ ಖಾಲಿ.

"ತಲಿ ನೆಟ್ಟಗ ಐತೇನ್ರೀ ನಿಮಗ? ಬ್ಯಾಕ್ಟೀರಿಯಾಕ್ಕ ಸಿಗಬಾರದಂತ ಮೈ ಕಬ್ಬಿಣ ಬಚ್ಚಿಡತೈತಿ. ಅದನ್ನ ಕದಿಯಾಕ ಅವು ಕಳಿಸಿದ ಕಣಗಳನ್ನ ಕರುಳಿನ ಲಿಪೊಕ್ಯಾಲಿನ್ ಪ್ರೋಟೀನು ಹಿಡದಿಡತೈತಿ. ಟೈಫಾಯ್ಡಿನವು ವೇಷ ಬದಲಿಸಿ ಅದರ ಕೈಯಿಂದನೂ ತಪ್ಪಿಸ್ಕೊತಾವು. ಅಂಥಾ ಕಳ್ಳರಿಗೆ ನಾವಽ ಉಣ್ಣಾಕ ನೀಡಬಾರದು ಅಂತ ಥೀಸಿಸ್ಸಿನ ಕಡೀ ಪುಟದಾಗ ಬರದವರು ಯಾರು?"

ಬರೆದವಳು ಅವಳೇ. ಅವ್ವನ ಮಂಚದ ಬಳಿ ಬರೀ ಮಗಳಾಗಿ ಅದನ್ನು ಮರೆತಿದ್ದಳು.

"ಕಡೀ ಪುಟ... ನೀವು ಓದೀರಿ?"

"ಎರಡು ಸಲ! ಅದು ಮುಗಿಯೂತನ ಕಾಯತೇನಿ ಅಂತ ಮಾವನ ಕೈಯಾಗ ಹೇಳಿ ಕಳಿಸಿದ್ನಿ. ಎರಡು ವರ್ಷ ಯಾರು ಕಾಯತಾರ ಅಂತ ಅವ ತಾನಽ ಸಂಬಂಧ ಮುರದಾನ. ಗೊತ್ತಾದ ದಿನಾನಽ ಫೋನ್ ಹಚ್ಚಿದ್ರ... ನೀವು ಬ್ಲಾಕ್ ಮಾಡೀರಿ!"

"ಮನೀಗೆ ಬರಾಕ ಕಾಲು ಇರಲಿಲ್ಲೇನು?"

"ಏ, ಜಗಳಾ ಹೊರಗ ಆಡ್ರೆಪಾ!" ಮಂಚದ ಮೇಲಿಂದ ಅವ್ವ ದುರಗವ್ವ ಗೊಣಗಿದಳು. "ನಾ ಬದುಕತೇನೋ ಇಲ್ಲೋ, ಅದನ್ನರ ಮೊದಲ ಹೇಳ್ರಿ."

ಹುಲಿಗೇಶ ಸಿಟ್ಟಿನಲ್ಲೇ ಅವಳ ನಾಡಿ ಹಿಡಿದ. ನಾಡಿ ಸರಿಯಿತ್ತು. ಮಧ್ಯಾಹ್ನದ ಮಲಪರೀಕ್ಷೆಯಲ್ಲಿ ರಕ್ತ ಕಾಣಲಿಲ್ಲ. ಹುಬ್ಬಳ್ಳಿಗೆಂದು ಕರೆಸಿದ್ದ ಆಂಬುಲೆನ್ಸ್ ಮರಳಿ ಹೋಯಿತು.

ಜ್ವರ ಮಾತ್ರ ಇನ್ನೂ ನಾಲ್ಕು ದಿನ ಕಾಡಿತು. ಗುಳಿಗೆಯಿಂದಲೋ ಅಲ್ಲವೋ, ಯಾರೂ ಹೇಳಲಾರರು. ದ್ರಾಕ್ಷಾಯಿಣಿ ಮಾತ್ರ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ. ಆ ನಾಲ್ಕೂ ದಿನ ಹುಲಿಗೇಶ ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಅವ್ವನ ಬಳಿ ಕೂತದ್ದನ್ನು ಅವಳು ನೋಡಿದಳು.

ಮನೆಗೆ ಹೊರಟ ದಿನ ಅವನೇ ಚೀಟಿ ತಂದುಕೊಟ್ಟ.

"ಎರಡು ವಾರ ಬಿಟ್ಟು ಕಬ್ಬಿಣ ಚಾಲೂ ಮಾಡ್ರಿ. ನಾ ಬರದಷ್ಟಽ."

"ಹೂಂ... ನಿಮ್ಮ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ನನಗ."

"ನನಗೂ ಹೋಗಿಲ್ಲ." ಅವನ ದನಿ ತಗ್ಗಿತು. "ಆದ್ರ ಇನ್ನೂ ಕಾಯಾಕತ್ತೇನಿ, ದ್ರಾಕ್ಷಾಯಿಣಿ. ಬ್ಲಾಕ್ ತಗೀತೀರೇನು?"

"ಮೊನ್ನೇನಽ ತಗದೇನಿ! ಫೋನ್ ಮಾಡಲಾರದವರು ನೀವು."

ಅವನು ನಕ್ಕುಬಿಟ್ಟ. ಅವಳ ಕಣ್ಣು ತುಂಬಿತು.

"ಹಂಗಾರ ಐತವಾರ ಮಾವನ್ನ..."

"ಮಾವನ್ನ ಕಳಿಸಿದ್ರ ಬಾಗಲಾ ತಗಿಯೂದಿಲ್ಲ! ನೀವಽ ಬರ್ರಿ."