ರಟ್ಟಿನ ಮನೆಯ ಕಿಟಕಿ

ಕಣ್ಣು ಪೂರ್ತಿ ಹೋಗುವ ಮುನ್ನ, ಯುದ್ಧದಲ್ಲಿ ನೆಲಸಮವಾದ ತನ್ನ ಬೀದಿಯನ್ನು ಇನ್ನೊಮ್ಮೆ ನೋಡಬೇಕೆಂದು ಅಜ್ಜಿಗೆ ಆಸೆ. ಅದಕ್ಕೇ ಮೇಜಿನ ಮೇಲೆ ಆ ಬೀದಿಯನ್ನು ಪುಟ್ಟದಾಗಿ ಕಟ್ಟುತ್ತಿದ್ದೆ. ನಿಜದಂತೆ ಕಾಣುವ ಮಾದರಿ ಮನೆಗಳೆಲ್ಲ ದುಬಾರಿ. ಹಳೇ ಸಾಮಾನಿನ ಅಂಗಡಿಯವನು, "ಈ ಬೆಲೆಗೆ ಬೀಗದ ಕೈಯೂ ಸಿಗಲ್ಲ, ಮನೇನೇ ತಗೋ ತಾಯಿ" ಎಂದು ಅಂಗೈಯಗಲದ ರಟ್ಟಿನ ಮನೆ ಕೊಟ್ಟ.

ಅಜ್ಜಿ ಅದನ್ನು ಸವರಿದಳು. "ನಮ್ದೇ ಕಣೇ. ಬಾಂಬ್ ಬಿದ್ದಾಗ ತಂಗಿ ಒಳಗೇ ಇದ್ಲು."

ಮಧ್ಯಾಹ್ನದ ಸೆಕೆಯಲ್ಲೂ ಅದರ ಗೋಡೆ ತಣ್ಣಗಿತ್ತು. ಕಿಟಕಿಯ ಗಾಜಿಗೆ ಹಬೆ ಕಟ್ಟಿತ್ತು. ಒರೆಸಿದೆ, ಹೋಗಲಿಲ್ಲ. ಸುತ್ತಲೂ ಅಂಟಿಸಿ ಮುಚ್ಚಿದ್ದ ಮನೆಯ ಒಳಬದಿಗಿತ್ತು ಹಬೆ.

ಅಜ್ಜಿ ಬಾಗಿದಳು. "ಪುಟ್ಟೀ, ಅಕ್ಕ ಬಂದಿದೀನಿ. ಮುಖ ತೋರ್ಸೇ."

ನಾನು ನೋಡುತ್ತಿದ್ದಂತೆಯೇ ಒಳಗಿನ ಹಬೆ ಸಾಸಿವೆ ಕಾಳಿನಷ್ಟಗಲ ಒರೆಸಿಹೋಯಿತು.

ಅಜ್ಜಿ ಅಲ್ಲಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು.

"ಒಂಚೂರೂ ಬೆಳೆದಿಲ್ಲ ಕಣೇ" ಎಂದಳು.