ಗುರುವಾರದ ಊಟಕ್ಕೆ ಬಂದವನು

ಪ್ಲಾಸ್ಟಿಕ್ ಮುಸುಕಿನೊಳಗೆ ತಲೆ ತೂರಿಸಿಕೊಂಡು ಕೂತ ಗಂಡಸು ಎಷ್ಟೇ ಚೆಲುವನಾದರೂ ಪೆದ್ದನಂತೆಯೇ ಕಾಣುತ್ತಾನೆ. ಇದು ನೆಸ್ಟಾಳ ಅನುಭವದ ಮಾತು. ಎಮ್ರಿಸ್ ಒಬ್ಬ ಮಾತ್ರ ಆ ಮುಸುಕಿನೊಳಗಿಂದಲೂ ಅವಳನ್ನು ನೋಡಿ ಕಣ್ಣು ಮಿಟುಕಿಸಿದ್ದ.

ಉತ್ತರ ವೇಲ್ಸ್‌ನ ಆ ಊರಿಗೆ ಸ್ಲೇಟು ಕಲ್ಲೇ ಅನ್ನ, ಸ್ಲೇಟು ಕಲ್ಲೇ ಗೋರಿ. ಕಲ್ಲು ಸೀಳುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಂದು ಗಂಡಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಮುಖಕ್ಕೂ ಧೂಳಿನ ಮಾಸ್ಕ್ ಸರಿಯಾಗಿ ಕೂರುತ್ತದೆಯೇ ಎಂದು ನೋಡುವುದು ನೆಸ್ಟಾಳ ಕೆಲಸ. ಮೊದಲು ಮಾಸ್ಕ್ ಇಲ್ಲದೆ ಅವರ ತಲೆಗೆ ಪ್ಲಾಸ್ಟಿಕ್ ಮುಸುಕು ಹಾಕಿ, ಅದರೊಳಗೆ ಕಹಿ ದ್ರಾವಣ ಸಿಂಪಡಿಸುತ್ತಾಳೆ. ನಾಲಿಗೆಗೆ ಕಹಿ ಹತ್ತಿದ ಕೂಡಲೇ ಅವರು ಹೇಳಬೇಕು. ಆಮೇಲೆ ಮಾಸ್ಕ್ ಹಾಕಿಸಿ ಮತ್ತೆ ಸಿಂಪಡಿಸುತ್ತಾಳೆ. ಈಗ ಕಹಿ ಹತ್ತಬಾರದು. ಹತ್ತಿದರೆ ಮಾಸ್ಕ್ ಎಲ್ಲೋ ಸೋರುತ್ತಿದೆ ಎಂದರ್ಥ.

"ಕಹಿ ಆಯ್ತಾ?" ಎಂದಳು ನೆಸ್ಟಾ.

ಎಮ್ರಿಸ್ ಮುಖ ಹಿಂಡಿದ. "ಅಯ್ಯೋ ಮೇಡಂ, ನಮ್ಮ ಚಿಕ್ಕಮ್ಮನ ಬಾಯಿಗಿಂತ ಕಹಿ!"

ಸಾಲಿಗೆ ಸಾಲೇ ನಕ್ಕಿತು. ನೆಸ್ಟಾ ನಗು ತಡೆದುಕೊಂಡು ಅವನಿಗೆ ಮಾಸ್ಕ್ ಹಾಕಿಸಿದಳು. "ಏನಾದ್ರೂ ಮಾತಾಡ್ತಾ ಇರಿ. ತಲೆ ಆ ಕಡೆ ಈ ಕಡೆ ತಿರುಗಿಸಿ."

ಅವನು ಮಾತಾಡಲಿಲ್ಲ, ಹಾಡಿದ. ಊರಿನ ಗಂಡಸರ ಹಾಡಿನ ಮೇಳದಲ್ಲಿ ಎಲ್ಲರಿಗಿಂತ ಕೆಳದನಿ ಅವನದು. ಮಾಸ್ಕಿನೊಳಗಿಂದ ಬಂದ ಆ ದನಿ ನೆಲದಡಿಯಿಂದ ಬಂದಂತೆ ಅವಳ ಅಂಗಾಲಿಗೆ ತಾಕಿತು. ಸಾಕು ಎನ್ನುವುದನ್ನೇ ಅವಳು ಮರೆತಳು.

"ಈಗ ಕಹಿ ಇದೆಯಾ?"

"ನೀವು ಇಷ್ಟು ಹತ್ತಿರ ನಿಂತ್ರೆ ಕಹಿ ಎಲ್ಲಿಂದ ಬರಬೇಕು ಮೇಡಂ?"

ನೆಸ್ಟಾಳ ಕಿವಿ ಕೆಂಪಾಯಿತು. ಎಮ್ರಿಸ್ ಪಾಸಾದ.

ಅವಳು ಹುಟ್ಟಾ ಈ ಕಸುಬಿನವಳಲ್ಲ. ಪೇಟೆಯ ಆಫೀಸಿನಲ್ಲಿ ಅಕೌಂಟೆಂಟ್ ಆಗಿದ್ದವಳು. ಬೆಚ್ಚಗಿನ ಕುರ್ಚಿ, ತಿಂಗಳಿಗೆ ಸರಿಯಾಗಿ ಸಂಬಳ. ಕಲ್ಲು ಸೀಳುತ್ತಿದ್ದ ಅಪ್ಪ ಕೊನೆಗಾಲದಲ್ಲಿ ಉಸಿರಿಗಾಗಿ ಕಿಟಕಿ ಹಿಡಿದು ನಿಲ್ಲುತ್ತಿದ್ದುದನ್ನು ವರ್ಷಗಟ್ಟಲೆ ನೋಡಿದಳು. ಅವರನ್ನು ಮಣ್ಣು ಮಾಡಿ ಬಂದ ಮೇಲೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೂಡಿಟ್ಟದ್ದನ್ನೆಲ್ಲ ಸುರಿದು ಒಂದು ಹಳೆಯ ವ್ಯಾನು ಕೊಂಡು, ಕಾರ್ಖಾನೆ ಕಾರ್ಖಾನೆಗೆ ಹೋಗಿ ಕೆಲಸಗಾರರ ಉಸಿರು ಕಾಯುವ ಕಂಪನಿ ತೆರೆದಳು. ಇವಳಿಗೆ ತಲೆ ಕೆಟ್ಟಿದೆ ಎಂದರು ಜನ. ಆಗ ಅವಳಿಗೆ ನಲವತ್ತೊಂದು.

ಆ ಮಾಸ್ಕ್ ಪರೀಕ್ಷೆಯಾದ ಕೆಲವು ದಿನಕ್ಕೆ ವ್ಯಾನಿನ ಬಾಗಿಲು ಕೈಕೊಟ್ಟಾಗ ರಿಪೇರಿಗೆಂದು ಬಂದ ಎಮ್ರಿಸ್ ಊಟಕ್ಕೆ ನಿಂತ. ಅದು ಗುರುವಾರ. ನೆಸ್ಟಾಳ ಕೈಯಡುಗೆ ಊರಿಗೆಲ್ಲ ಗೊತ್ತಿದ್ದದ್ದೇ. ಅವಳು ಕುರಿಮಾಂಸದ ಸಾರು ಮಾಡಿದರೆ ನಾಯಿಗಳೂ ಯೋಚನೆ ಮಾಡುತ್ತವೆ ಎಂದು ಪಕ್ಕದ ಮನೆಯವರು ತಮಾಷೆ ಮಾಡುತ್ತಿದ್ದರು. ಎಮ್ರಿಸ್ ಮಾತ್ರ ತಟ್ಟೆ ಒರೆಸಿ ತಿಂದ.

"ಇನ್ನೊಂದು ಸೌಟು ಹಾಕ್ರೀ. ಇಂಥ ಸಾರು ನಾನು ಉಂಡೇ ಇಲ್ಲ."

"ಸುಳ್ಳು ಹೇಳಬೇಡಿ. ತಳ ಹತ್ತಿದೆ."

"ತಳದಲ್ಲೇ ರುಚಿ ಇರೋದು."

ಮುಂದಿನ ಗುರುವಾರವೂ ಬಂದ. ಅದರ ಮುಂದಿನದಕ್ಕೂ. 'ರೀ' ಹೋಗಿ 'ಕಣೇ' ಬಂತು. ಅವನ ದವಡೆಯ ಮೇಲೆ ಹಿಂದೆಂದೋ ಸರಪಳಿ ಬಡಿದು ಆದ ಗಾಯದ ಗುಳಿಯಿತ್ತು. ಒಂದು ದಿನ ಅವಳು ಅಲ್ಲಿ ಮುತ್ತಿಟ್ಟಳು, ಆಮೇಲೆ ಅದೇ ಅವಳ ಅಭ್ಯಾಸವಾಯಿತು. ಹೀಗೆ ಎರಡು ವರ್ಷ. ತನ್ನ ಅಡುಗೆಯನ್ನೂ ಮೆಚ್ಚುವ ಒಬ್ಬ ಗಂಡಸು ಈ ಭೂಮಿಯ ಮೇಲಿದ್ದಾನಲ್ಲ ಎಂದು ನೆಸ್ಟಾ ಒಬ್ಬಳೇ ಇದ್ದಾಗಲೂ ನಗುತ್ತಿದ್ದಳು.

ಊರಿನ ಪ್ರಾರ್ಥನಾ ಮಂದಿರವಾದ ಚಾಪೆಲ್ಲಿನಲ್ಲಿ ಹಾಡಿನ ಹಬ್ಬವಾದ ದಿನ, ಹಾಡು ಮುಗಿದು ಎಲ್ಲರೂ ಚಹಾಕ್ಕೆ ಕೂತರು. ನೆಸ್ಟಾ ಒಣದ್ರಾಕ್ಷಿಯ ಬ್ರೆಡ್ ತಂದಿದ್ದಳು. ಮೇಳ ನಡೆಸುವ ಟುಡುರ್ ಮೇಷ್ಟ್ರು ಒಂದು ತುತ್ತು ಕಚ್ಚಿ, ಕರವಸ್ತ್ರಕ್ಕೆ ಉಗಿದರು.

"ನೆಸ್ಟಾ! ಇಡೀ ಮೇಳವನ್ನ ಒಂದೇ ಸಲ ಮೇಲಕ್ಕೆ ಕಳಿಸೋ ಪ್ಲಾನೇನಮ್ಮಾ?"

ಅತ್ತಲೂ ಇತ್ತಲೂ ಜನ ಥೂ ಥೂ ಎಂದರು. ನೆಸ್ಟಾ ಬೆರಳು ನಾಲಿಗೆಗೆ ಮುಟ್ಟಿಸಿ ನೋಡಿಕೊಂಡಳು. ಕಡುಕಹಿ. ಬೆಳಿಗ್ಗೆ ಅಡುಗೆಮನೆಯಲ್ಲೇ ಕಹಿ ದ್ರಾವಣದ ಬಾಟಲಿ ತುಂಬಿ, ಕೈಗೆ ನೀರು ತಾಗಿಸಿದಂತೆ ಮಾಡಿ, ಅದೇ ಕೈಯಲ್ಲಿ ಬ್ರೆಡ್ ಕತ್ತರಿಸಿ ಬೆಣ್ಣೆ ಸವರಿದ್ದಳು. ಅವಳಿಗೂ ನಗು ಉಕ್ಕಿತು.

ಆಗಲೇ ಎಮ್ರಿಸ್ ಬ್ರೆಡ್ಡಿನ ಎರಡನೆಯ ತುಂಡಿಗೆ ಕೈ ಹಾಕಿದ. "ತುಂಬಾ ಚೆನ್ನಾಗಿದೆ ಕಣೇ. ಇವರಿಗೇನು ಗೊತ್ತು?"

"ನೋಡ್ರಪ್ಪಾ, ಪ್ರೀತಿ ಅಂದ್ರೆ ಇದು!" ಎಂದು ಯಾರೋ ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೆಸ್ಟಾ ಮಾತ್ರ ತಟ್ಟೆ ಬದಿಗಿಟ್ಟು ಎದ್ದಳು.

ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

"ಅದು ನನ್ನ ಬಾಟಲಿಯ ಕಹಿ ಕಣೋ. ನಿಂಗೆ ಗೊತ್ತಾಗ್ಲಿಲ್ವಾ?"

ಎಮ್ರಿಸ್ ಕೈಯಲ್ಲಿದ್ದ ಹೋಳನ್ನು ನೋಡಿದ.

"ನಿನ್ನ ನೋಡೋಕೆ ಮುಂಚೆ ಒಂದು ಜ್ವರ ಬಂದಿತ್ತು. ಆವತ್ತಿಂದ ನಾಲಿಗೆಗೆ ಏನೂ ಗೊತ್ತಾಗಲ್ಲ."

"ಮತ್ತೆ ಕ್ಯಾಂಟೀನಲ್ಲಿ ಮುಖ ಹಿಂಡಿದ್ದು?"

"ನಂಗಿಂತ ಮುಂಚೆ ಕೂತೋರು ಹಿಂಡಿದ್ದು ನೋಡಿದ್ದೆ. ನಾನೂ ಅಷ್ಟೇ ಹಿಂಡಿದೆ."

"ಯಾಕೋ? ಹೇಳಿದ್ರೆ ಮಾಸ್ಕ್ ಸೋರೋದನ್ನ ಅಳೆಯೋ ಮಷೀನ್ ಇರೋ ಕಡೆ ಕಳಿಸ್ತಿದ್ದೆ. ನಾಲಿಗೆಯ ಹಂಗೇ ಇಲ್ಲ ಅದಕ್ಕೆ! ಬಸ್ಸಲ್ಲಿ ಹೋಗಿ ಬರೋ ದೂರ!"

"ಎಲ್ಲರೆದುರಿಗೆ ನಾಲಿಗೆ ಸತ್ತೋನು ಅನ್ನಿಸ್ಕೋಬೇಕಿತ್ತು. ಅದೂ ನಿನ್ನೆದುರಿಗೆ," ಎಂದ ಎಮ್ರಿಸ್. "ಆಮೇಲೆ ಹೇಳೋಣ ಅಂದ್ರೆ, ನೀನು ಸಾರು ಬಡಿಸಿ ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ದೆ."

ನೆಸ್ಟಾಳ ಬೆರಳು ತಾನಾಗಿ ಅವನ ದವಡೆಯ ಗುಳಿಗೆ ಹೋಯಿತು. ಮಾಸ್ಕಿನ ಅಂಚು ಕೂರುವುದು ಸರಿಯಾಗಿ ಅಲ್ಲೇ. ಅಷ್ಟು ಸಲ ಮುತ್ತಿಟ್ಟ ಜಾಗವನ್ನು ಒಂದು ಸಲವಾದರೂ ಅವಳು ತನ್ನ ಕಸುಬಿನ ಕಣ್ಣಿನಿಂದ ನೋಡಿರಲಿಲ್ಲ. ಅವಳು ಚಾಪೆಲ್ಲಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಮಷೀನು ಸುಳ್ಳು ಹೇಳಲಿಲ್ಲ. ಮಾಸ್ಕ್ ಆ ಗುಳಿಯಲ್ಲಿ ಸೋರುತ್ತಿತ್ತು. ಎಕ್ಸ್‌ರೇ ನೋಡಿದ ಡಾಕ್ಟರು ಎರಡೂ ಶ್ವಾಸಕೋಶಗಳಲ್ಲಿ ಕಲ್ಲಿನ ಧೂಳು ಕೂತಿದೆ, ಅದು ಇನ್ನು ಹೋಗುವಂಥದ್ದಲ್ಲ ಎಂದರು. ಹಳೆಯ ಧೂಳೆಷ್ಟು, ಈ ಎರಡು ವರ್ಷದ್ದೆಷ್ಟು ಎಂದು ನೆಸ್ಟಾ ಕೇಳಿದಳು. ಅದನ್ನು ಯಾರೂ ಹೇಳಲಾರರು ಎಂದರು ಡಾಕ್ಟರು. ಆ ಉತ್ತರ ಅವಳನ್ನು ಸುಟ್ಟಿತು.

"ಕಾರ್ಖಾನೇಲಿ ಏನೂ ಹೇಳಬೇಡ," ಎಂದು ದಾರಿಯಲ್ಲಿ ಬೇಡಿಕೊಂಡ ಎಮ್ರಿಸ್. "ಮೋಹದಲ್ಲಿ ಪಾಸ್ ಮಾಡಿದ್ಲು ಅಂತಾರೆ. ನಿನ್ನ ಕಂಪನಿ ಮುಳುಗುತ್ತೆ. ನಾನೇ ಕೆಲಸ ಬಿಡ್ತೀನಿ, ಮುಗೀತು."

ನೆಸ್ಟಾ ಮಾರನೆಯ ದಿನವೇ ಕ್ಯಾಂಟೀನಿನಲ್ಲಿ ನಿಂತು ಎಲ್ಲವನ್ನೂ ಹೇಳಿದಳು. "ಎಮ್ರಿಸ್ ಸುಳ್ಳು ಹೇಳಿದ, ನಿಜ. ಆದ್ರೆ ಅವನ ದವಡೆ ಸುಳ್ಳು ಹೇಳಿರಲಿಲ್ಲ. ಅದನ್ನ ನೋಡಬೇಕಾಗಿದ್ದೋಳು ಹಾಡು ಕೇಳ್ತಾ ನಿಂತಿದ್ದೆ." ಯಾರೂ ನಗಲಿಲ್ಲ. ಅವಳು ಮಷೀನು ಬಾಡಿಗೆಗೆ ತಂದು ಪ್ರತಿಯೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದಳು. ಇನ್ನಿಬ್ಬರ ಮಾಸ್ಕ್ ಸೋರುತ್ತಿದ್ದುದು ಪತ್ತೆಯಾಯಿತು. ಅವರು ಚಿಕ್ಕ ಮಕ್ಕಳ ತಂದೆಯರು. ಸುದ್ದಿ ಕೇಳಿದ ಬೇರೆ ಕೆಲವು ಕಾರ್ಖಾನೆಗಳು ಅವಳನ್ನು ಕೈಬಿಟ್ಟವು.

ಎಮ್ರಿಸ್ ಗುರುವಾರ ಬರುವುದನ್ನು ನಿಲ್ಲಿಸಿದ. ನೆಸ್ಟಾ ಪಾತ್ರೆ ಹಿಡಿದು ಅವನ ಮನೆಗೇ ಹೋದಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಅಪ್ಪನ್ನ ನೋಡ್ಕೊಂಡಿದ್ದು ಸಾಲದಾ ನಿಂಗೆ? ಮತ್ತೆ ಅದೇ ಕೆಮ್ಮು ಕೇಳಬೇಕಾ? ಹೋಗು ನೆಸ್ಟಾ."

"ಒಂದು ಮಾತಿಗೆ ಉತ್ತರ ಹೇಳು, ಹೋಗ್ತೀನಿ. ನನ್ನ ಅಡುಗೆ ಹೊಗಳಿದ್ದೆಲ್ಲ ಸುಳ್ಳಾ?"

ಅವನು ಚೌಕಟ್ಟಿಗೆ ಒರಗಿದ. ಉಸಿರು ಹದಕ್ಕೆ ಬರುವವರೆಗೆ ಕಾದ.

"ನಂಗೆ ಎಲ್ಲಿ ಉಂಡ್ರೂ ಒಂದೇ ಕಣೇ. ಮಣ್ಣು ತಿಂದ ಹಾಗೆ. ಆದ್ರೂ ಗುರುವಾರ ಬಂತು ಅಂದ್ರೆ ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕ್ಕೊಂಡು ಓಡಿ ಬರ್ತಿದ್ದೆ. ನಿನ್ನ ಸಾರಿಗೆ ಅಂತ ಅನ್ಕೊಂಡಿದ್ಯಾ?"

ನೆಸ್ಟಾ ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

"ಲೆಕ್ಕ ಬಲ್ಲೋಳು ನೀನು," ಎಂದ ಎಮ್ರಿಸ್ ಮೆಲ್ಲಗೆ. "ನನ್ನ ಕಟ್ಕೊಂಡ್ರೆ ಬರೀ ನಷ್ಟ."

"ನಷ್ಟ ಅಂತ ಗೊತ್ತಿದ್ದೇ ಕಂಪನಿ ತೆಗೆದೋಳು ನಾನು. ದಾರಿ ಬಿಡು, ಸಾರು ಆರ್ತಿದೆ."

ಅವನು ದಾರಿ ಬಿಟ್ಟ.

ವಸಂತದಲ್ಲಿ ಅದೇ ಚಾಪೆಲ್ಲಿನಲ್ಲಿ ಮದುವೆಯಾಯಿತು. ಮದುಮಗ ಮೇಳದ ಜೊತೆ ನಿಂತು ಹಾಡುವೆನೆಂದು ಹಟ ಹಿಡಿದ. ಹಾಡಿನ ನಡುವಿನ ಉದ್ದನೆಯ ಸಾಲಿನಲ್ಲಿ ಅವನ ಉಸಿರು ಸಾಲದಾಯಿತು, ಕೆಳದನಿ ಕಡಿಯಿತು. ಟುಡುರ್ ಮೇಷ್ಟ್ರು ಕೈ ಎತ್ತಿ ಇಡೀ ಮೇಳವನ್ನು ಅಲ್ಲೇ ನಿಲ್ಲಿಸಿದರು. ಅವನು ಉಸಿರು ಎಳೆದುಕೊಳ್ಳುವವರೆಗೂ ಅಷ್ಟೂ ಗಂಡಸರು ಬಾಯಿ ಮುಚ್ಚಿ ಕಾದರು. ಆಮೇಲೆ ಎಲ್ಲರೂ ಒಟ್ಟಿಗೆ ಮುಂದುವರಿದರು.

ಮೂರು ಚಳಿಗಾಲ ಅವನು ಅವಳ ಜೊತೆಗಿದ್ದ. ನಾಲ್ಕನೆಯದಕ್ಕೆ ಇರಲಿಲ್ಲ.

ಆ ಹಾಡನ್ನು ಊರಿನ ಮೇಳ ಈಗಲೂ ಹಾಡುತ್ತದೆ. ಹೊಸದಾಗಿ ಸೇರಿದವರು ಉದ್ದನೆಯ ಸಾಲಿನ ಮಧ್ಯೆ ಎಲ್ಲರೂ ಸುಮ್ಮನಾದಾಗ ತಾವೊಬ್ಬರೇ ಮುಂದೆ ಹೋಗಿ, ನಾಚಿ, ಇಲ್ಲಿ ನಿಲ್ಲಬೇಕೆಂದು ಹಾಡಿನ ಹಾಳೆಯಲ್ಲಿ ಬರೆದಿಲ್ಲವಲ್ಲ ಎನ್ನುತ್ತಾರೆ. "ಬರೆದಿಲ್ಲ. ನಾವು ನಿಲ್ತೀವಿ," ಎನ್ನುತ್ತಾರೆ ಮೇಷ್ಟ್ರು. ಹಿಂದಿನ ಬೆಂಚಿನಲ್ಲಿ ಕೂತ ನೆಸ್ಟಾ ಆ ಮೌನದಲ್ಲಿ, ಗಂಡನ ಪಾಲಿನ ಉಸಿರನ್ನು ತಾನೇ ಎಳೆದುಕೊಳ್ಳುತ್ತಾಳೆ.