ಖಾಲಿ ಬಂದ ಡಬ್ಬಿ

ಆರನೇ ರೊಟ್ಟಿ ಹಂಚಿನ ಮೇಲಿತ್ತು. ಬಾಗಿಲು ಬಡಿದ ಸದ್ದಿಗೆ ಗಂಗೋತ್ರಿ ಹಿಟ್ಟಿನ ಕೈಯಲ್ಲೇ ಓಡಿದಳು.

ಜೀವರತ್ನಂ! ಎದುರು ಕ್ವಾರ್ಟರ್ಸಿನವನು, ತುಂಗಭದ್ರಾ ಡ್ಯಾಮಿನ ಗೇಟ್ ಆಪರೇಟರ್.

ವಾರದ ಹಿಂದೆ ಅವನು ಕೇಳಿದ್ದ, "ನನ್ನ ಮದಿವಿ ಆಗ್ತೀರೇನ್ರಿ?" ಬಾಯಿಬಿಟ್ಟು ಹೇಳಲಾಗದೆ ಅವಳು ನಿನ್ನೆ ತನ್ನ ಆಫೀಸಿನ ಡಬ್ಬಿ ತುಂಬ ಮಾದಲಿ ಕೊಟ್ಟಿದ್ದಳು. ಸಿಹಿ ಎಂದರೆ ಒಪ್ಪಿಗೆ... ಅಷ್ಟೂ ತಿಳಿಯದವನೇ?

ಅವನು ಮುಖ ಎತ್ತಲಿಲ್ಲ. ಡಬ್ಬಿ ಕೈಗಿಟ್ಟು, "ಬರ್ತೀನ್ರಿ" ಎಂದವನೇ ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ.

ಮುಚ್ಚಳ ತೆಗೆದಳು.

ಖಾಲಿ! ತೊಳೆದು ಒರೆಸಿದ ಡಬ್ಬಿಯಲ್ಲಿ ಒಂದು ಚಿಟಿಕೆ ಸಕ್ಕರೆಯೂ ಇಲ್ಲ.

ಒಳಗೆ ರೊಟ್ಟಿ ಸೀದ ವಾಸನೆ.

"ಏನ್ ಕೊಟ್ಟಾನ?" ತಾಯಿ ಕರೆಮ್ಮ ಮಂಚದಿಂದಲೇ ಕೇಳಿದಳು. ಲಕ್ವ ಹೊಡೆದು ಮೂರು ವರ್ಷ. ಕಾಲು ಸೋತಿದ್ದವು, ಕಿವಿ ಸೋತಿರಲಿಲ್ಲ.

"ಏನಿಲ್ಲವ್ವ."

"ಖಾಲಿ ಕೊಟ್ಟನೇನು? ಹಂಗಾರ ಋಣ ಹರೀತು ಅಂತ ತಿಳ್ಕ."

ಕಳೆದ ಕ್ರಿಸ್‌ಮಸ್ ದಿನ ಅವ್ವನ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳ ಮುಂದೆ ಅವನು ಕರ್ಜಿಕಾಯಿ ತಟ್ಟೆ ಹಿಡಿದು ನಿಂತಿದ್ದ.

"ನಮ್ಮನ್ಯಾಗ ಹಬ್ಬ ಮಾಡಂಗಿಲ್ರಿ," ಎಂದು ಸಿಡುಕಿದ್ದಳು.

"ಹಬ್ಬ ನಾವು ಮಾಡ್ತೀವಿ. ನೀವು ತಿನ್ರಿ ಸಾಕು."

ಬಂದ ಪಾತ್ರೆ ಖಾಲಿ ಕಳಿಸಬಾರದಲ್ಲ! ಶೇಂಗಾ ಚಟ್ನಿಪುಡಿ ಹಾಕಿ ತಟ್ಟೆ ಮರಳಿಸಿದಳು. ಅವನು ಇನ್ನೇನನ್ನೋ ತಂದ. ಹೀಗೇ ಸಂಕ್ರಾಂತಿ ಹೋಯಿತು, ಬೇಸಿಗೆ ಹೋಯಿತು... ಭಾನುವಾರ ಬಂದು ಅವ್ವನನ್ನು ಎತ್ತಿ ಎಳೆಬಿಸಿಲಿಗೆ ಕೂರಿಸುತ್ತಿದ್ದ. ಅವನು ಕ್ರಿಸ್‌ಮಸ್ಸಿಗೆಂದು ಬಾಗಿಲಿಗೆ ಕಟ್ಟಿದ ಕಾಗದದ ನಕ್ಷತ್ರವೂ ಇಳಿಯಲಿಲ್ಲ. ಕೆಂಪು ಹೋಗಿ ಬಿಳಿಚಿತು ಅಷ್ಟೇ.

"ಏನ್ಲೇ ರತ್ನಂ, ಯುಗಾದಿಗೂ ನಿಂದು ಕ್ರಿಸ್‌ಮಸ್ಸಾ?" ಪಕ್ಕದ ಮನೆ ಜಡೆಪ್ಪ ಕಾಡಿಸುತ್ತಿದ್ದ.

"ಒಂದಿನ ಕೊಟ್ಟು ವರ್ಷೆಲ್ಲ ಬಾಗ್ಲ ಹಾಕ್ಕೊಂಡು ಕುಂತ್ರ ಅದೆಂಥಾ ಹಬ್ಬ ಮಾವಾ? ಅಲ್ದ, ಇಳಿಸಿದ್ರ ಮತ್ತ ಏಣಿ ಹುಡುಕೋರು ಯಾರು!"

'ನೀವು ಉಂಡ್ರಾ?' ಎಂದು ಗಂಗೋತ್ರಿಯನ್ನು ಕೇಳುತ್ತಿದ್ದವನೂ ಅವನೊಬ್ಬನೇ.

ಈಗ ಅವನಿಗೂ ಸಾಕಾಯಿತೇ? ನಲವತ್ತರ ಹತ್ತಿರದ ಹೆಂಗಸು, ಮಂಚ ಹಿಡಿದ ತಾಯಿ... ಯಾರಿಗೆ ಬೇಕು?

ಹನ್ನೊಂದು ದಿನ ಎದುರು ಮನೆಗೆ ಬೀಗ. ಅವಳು ಅಳಲಿಲ್ಲ. ಅಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು.

ಹನ್ನೆರಡನೆಯ ಸಂಜೆ ಅವಳು ಕಾಲುವೆ ಆಫೀಸಿನಿಂದ ಬರುವಾಗ ಅವನು ತನ್ನ ಮನೆ ಮೆಟ್ಟಿಲ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳು ನೆಟ್ಟಗೆ ಹೋಗಿ ಎದುರು ನಿಂತಳು.

"ಬ್ಯಾಡಂದ್ರ ಬ್ಯಾಡ ಅನ್ಬೇಕಿತ್ರಿ! ಖಾಲಿ ಡಬ್ಬಿ ಯಾಕ ಕೊಟ್ರಿ?"

ಅವನು ಕಣ್ಣು ಎತ್ತಿದ.

"ನಮ್ಮವ್ವ ಹೋದ್ಲುರೀ... ಊರಾಗ, ಕಂಪ್ಲ್ಯಾಗ. ಅವತ್ತು ನಸುಕಿನ್ಯಾಗ ಫೋನ್ ಬಂತು."

ಗಂಗೋತ್ರಿ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ನಮ್ಮಲ್ಲಿ ಸೂತಕ ಏನಿಲ್ರಿ. ಆದ್ರ ಸಾವಿನ ಮನಿ ಪದಾರ್ಥ ನಿಮ್ಮವ್ವ ಮುಟ್ಟಂಗಿಲ್ಲ ಅಂತ ನೀವ ಹೇಳಿದ್ರಿ. ಅದಕ್ಕ ಏನೂ ಹಾಕ್ಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ಬಾಯಿ ತೆಗೆದ್ರ ಅತ್ತುಬಿಡ್ತಿದ್ದೆ."

"ಅಂಥಾ ಹೊತ್ತಿನ್ಯಾಗ ಡಬ್ಬಿ ಯಾಕ ತಂದ್ರಿ?"

"ಆಫೀಸಿಗೆ ಬುತ್ತಿ ಒಯ್ಯಾಕ ನಿಮಗ ಇರೋದು ಅದೊಂದ ಅಲ್ರಿ... ಉಪಾಸ ಇರ್ತೀರಿ ಅಂತ."

ಅವಳು ಎದ್ದು ಮನೆಗೆ ಬಂದು ಅದೇ ಡಬ್ಬಿಗೆ ಎರಡು ರೊಟ್ಟಿ, ಪುಂಡಿಪಲ್ಯ ಹಾಕಿದಳು. ಅವ್ವನಿಗೆ ವಿಷಯ ಹೇಳಿ, ಬೈಗುಳಕ್ಕೆ ಕಾದಳು.

"ನಿಂತು ಏನ್ ನೋಡ್ತೀ? ಜಲ್ದಿ ಒಯ್ಯಿ," ಎಂದಳು ಕರೆಮ್ಮ. "ತಾಯಿ ಕಳ್ಕಂಡ ಮಗ ಹಸ್ಕಂಡು ಕುಂತಾನ."

ಅವನು ತಲೆ ತಗ್ಗಿಸಿ ಉಂಡ. ಅರ್ಧ ರೊಟ್ಟಿಗೆ ಕೈ ನಿಂತಿತು.

"ಆ ಮಾದಲಿ... ಅದು ನಾನು ಕೇಳಿದ್ದಕ್ಕ ಉತ್ತರ ಏನ್ರಿ?"

"ಮೊದ್ಲ ಉಣ್ರಿ."

ಡಬ್ಬಿ ತೊಳೆದು ತಂದು ಸುತ್ತ ನೋಡಿದ. "ಹಾಕಿ ಕೊಡಾಕ ಮನ್ಯಾಗ ಏನೂ ಇಲ್ರಿ."

"ಖಾಲಿನ ಕೊಡ್ರಿ. ನಾಳೆ ತುಂಬಿಸ್ಕೊಂಡು ಬರ್ತೀನಿ."

"ನಾಳೆನೂ?"

"ವರ್ಷೆಲ್ಲ ಅಂತ ನೀವ ಜಡೆಪ್ಪಗ ಹೇಳಿದ್ರಲ್ರಿ..."

ಹನ್ನೆರಡು ದಿನದಲ್ಲಿ ಮೊದಲ ಸಲ ಅವನ ತುಟಿ ಸ್ವಲ್ಪ ಅರಳಿತು.

ಬೆಳಿಗ್ಗೆ ಗಂಗೋತ್ರಿ ಎಂದಿನಂತೆ ಪರಾತಕ್ಕೆ ಎರಡು ಬಟ್ಟಲು ಹಿಟ್ಟು ಸುರಿದಳು. ಕಿಟಕಿಯಾಚೆ ಆ ಬಿಳಿಚಿದ ನಕ್ಷತ್ರ. ಅವನ ದುಃಖ ಆರಲಿ, ಅವಸರವಿಲ್ಲ. ಆದರೆ ಬರುವ ಕ್ರಿಸ್‌ಮಸ್ ಹೊತ್ತಿಗೆ ಈ ಡಬ್ಬಿ ಓಣಿ ದಾಟುವ ಕೆಲಸವಿರಬಾರದು. ಮೂವರಿಗೂ ಒಂದೇ ಒಲೆ, ಒಂದೇ ಬಾಗಿಲು.

ಇನ್ನೊಂದು ಬಟ್ಟಲು ಹಿಟ್ಟು ಸುರಿದಳು.

"ಏನ್ ಮಾಡಾಕ್ಹತ್ತೀ ಅಷ್ಟೊತ್ತಿಂದ?" ಕರೆಮ್ಮ ಕೂಗಿದಳು.

"ರೊಟ್ಟಿ ಅವ್ವಾ," ಎಂದಳು. ಹಿಟ್ಟಿಗೆ ಬಿಸಿನೀರು ಬೆರೆಸಿದಳು.